ಉಣ್ಣೆಯಲ್ಲಿ ಹಿಡಿದ ಬಣ್ಣ: ಒಂದು ಆಂಗ್ಲ ವಿಶೇಷಣದ ಅರ್ಥಮೀಮಾಂಸೆ

ಆಂಗ್ಲಭಾಷೆಯ ‘ಡೈಡ್-ಇನ್-ದ-ವುಲ್’ ಎಂಬ ಸಮಸ್ತ ವಿಶೇಷಣವು ಇಲ್ಲಿ ವಿಚಾರ್ಯ ವಿಷಯ. ಪಕ್ಷನಿಷ್ಠೆ, ಮತಶ್ರದ್ಧೆ, ಸಂಪ್ರದಾಯಪ್ರೀತಿ ಮೊದಲಾದವು ಯಾರಲ್ಲಿ ಬೇರುಬಿಟ್ಟು ನಿಂತಿವೆಯೋ ಅಂಥವರ ಹೆಸರಿನ ಹಿಂದೆ ಇದು ಪ್ರಯುಕ್ತವಾಗುತ್ತದೆ. ಅವಯವಾರ್ಥವನ್ನು ಕೇಳಿದರೆ ‘ಉಣ್ಣೆಯಲ್ಲಿ ಬಣ್ಣಗೊಂಡ’ ಎಂಬುದಷ್ಟೇ ಉತ್ತರ. ಹಾಗಾದರೆ ಈ ಪದವು ಗುಣದ ದಾರ್ಢ್ಯವನ್ನು ಬೋಧಿಸುತ್ತದೆಯೋ, ಗುಣದ ಸಹಜತ್ವವನ್ನೋ, ಅಥವಾ ಗುಣವು ಬಂದು ಸೇರಿದ ಅವಸ್ಥೆಯನ್ನೋ ಎಂಬುದು ಸಂಶಯ. ದಾರ್ಢ್ಯವೇ ಅರ್ಥವೆಂಬುದು ಬಹುಜನರ ಮತ. ಸಹಜತ್ವವೆಂಬುದು ಇನ್ನು ಕೆಲವರದು. ಅವಸ್ಥೆಯೇ ಪ್ರಧಾನ, ದಾರ್ಢ್ಯವು ಅದರ ಫಲ, ಸಹಜತ್ವವಂತೂ ಅರ್ಥಕ್ಕೆ ವಿರುದ್ಧ ಎಂಬುದು ಇಲ್ಲಿಯ ಸಿದ್ಧಾಂತ.

ಲಕ್ಷಣ ಹೀಗೆ: ಕಾರ್ಯದ್ರವ್ಯದ ಪೂರ್ವಾವಸ್ಥೆಯಲ್ಲಿ ಆಹಿತವಾಗಿ, ಉತ್ತರಾವಸ್ಥೆಗಳಲ್ಲೆಲ್ಲ ಅನುವೃತ್ತವಾಗುವ ಆಗಂತುಕ ಗುಣವುಳ್ಳದ್ದು ಈ ವಿಶೇಷಣಕ್ಕೆ ವಾಚ್ಯ. ‘ಪೂರ್ವಾವಸ್ಥೆಯಲ್ಲಿ’ ಎಂಬ ದಳವನ್ನು ಬಿಟ್ಟರೆ ನೆಯ್ದ ಮೇಲೆ ಬಣ್ಣ ಹಾಕಿದ ಬಟ್ಟೆಯಲ್ಲಿ ಅತಿವ್ಯಾಪ್ತಿ. ‘ಅನುವೃತ್ತವಾಗುವ’ ಎನ್ನದಿದ್ದರೆ ಎರಡನೆಯ ಒಗೆತಕ್ಕೇ ಬಣ್ಣ ಬಿಡುವ ಬಟ್ಟೆಯೂ ಲಕ್ಷ್ಯವಾದೀತು. ‘ಆಗಂತುಕ’ ಎಂಬ ದಳವು ಅತ್ಯಂತ ಮುಖ್ಯವಾದದ್ದು, ಸಾಮಾನ್ಯವಾಗಿ ಮರೆತುಹೋಗುವುದೂ ಅದೇ. ಅದಿಲ್ಲದಿದ್ದರೆ ಚಳ್ಳಕೆರೆಯ ಕರಿ ಕಂಬಳಿಯೂ ಲಕ್ಷ್ಯಕೋಟಿಗೆ ಸೇರಿಬಿಡುತ್ತದೆ. ಆ ಕಂಬಳಿಯ ಕಪ್ಪು ಕುರಿಯ ಮೈಯ ಕಪ್ಪು. ಯಾವ ಕಡಾಯಿಯನ್ನೂ ಅದು ಕಂಡಿಲ್ಲ. ಅದು ಉಣ್ಣೆಯಲ್ಲಿ ಇದ್ದ ಬಣ್ಣವೇ ಹೊರತು ಉಣ್ಣೆಯಲ್ಲಿ ಹಾಕಿದ ಬಣ್ಣವಲ್ಲ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡವನಿಗೆ ಸಹಜತ್ವವಾದಿಯ ಪಕ್ಷ ಆರಂಭದಲ್ಲಿಯೇ ದುರ್ಬಲವಾಗಿ ಕಾಣುತ್ತದೆ.

ಲಕ್ಷಣದಲ್ಲಿ ಅವಸ್ಥೆ ಎಂಬ ಮಾತು ಬಂದುದರಿಂದ ಅವಸ್ಥೆಗಳ ವಿಭಾಗವನ್ನು ಹೇಳಬೇಕು. ಉಣ್ಣೆಯು ಬಟ್ಟೆಯಾಗುವ ಕ್ರಮದಲ್ಲಿ ಬಣ್ಣಕ್ಕೆ ಮೂರು ಪ್ರಧಾನ ದ್ವಾರಗಳಿವೆ. ಕತ್ತರಿಸಿದ ಉಣ್ಣೆಯ ಜಿಡ್ಡನ್ನು ತೊಳೆದು, ಹಿಂಜುವುದಕ್ಕೂ ನೂಲುವುದಕ್ಕೂ ಮುಂಚೆಯೇ ಕಡಾಯಿಗೆ ಇಳಿಸುವುದು ಒಂದು. ನೂತ ಮೇಲೆ ನೂಲಿನ ಲಡಿಯನ್ನು ಅದ್ದುವುದು ಎರಡನೆಯದು. ಇಳಕಲ್ ಸೀರೆಯ ನೂಲಿಗೆ ಮಗ್ಗ ಏರುವ ಮೊದಲೇ ಬಣ್ಣ ಕಟ್ಟುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೆಯ್ದು ಮುಗಿದ ಥಾನನ್ನೇ ಬಣ್ಣಕ್ಕೆ ಹಾಕುವುದು ಮೂರನೆಯದು. ಹೊಲಿದ ಉಡುಪಿಗೆ ಬಣ್ಣ ಹಾಕುವುದೂ ಉಂಟು, ಆದರೆ ಅದು ಮೂರನೆಯದರಲ್ಲಿಯೇ ಅಂತರ್ಭವಿಸುತ್ತದೆ.

ಮೊದಲನೆಯ ದ್ವಾರಕ್ಕೆ ಉಳಿದೆರಡಕ್ಕಿಲ್ಲದ ಒಂದು ಶಕ್ತಿಯಿದೆ. ಬೇರೆ ಬೇರೆ ಬಣ್ಣದ ಉಣ್ಣೆಗಳನ್ನು ಒಟ್ಟಿಗೆ ಹಿಂಜಿದರೆ ಒಂದೇ ಎಳೆಯಲ್ಲಿ ಹಲವು ಬಣ್ಣಗಳು ಬೆರೆತು, ಯಾವ ಕಡಾಯಿಯೂ ಕೊಡಲಾರದ ಛಾಯೆ ಹುಟ್ಟುತ್ತದೆ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ವಿಲ್ಟ್‌ಶೈರ್ ಮತ್ತು ಸಾಮರ್‌ಸೆಟ್ ಸೀಮೆಗಳ ನೇಕಾರಿಕೆ ಇಂಥ ಮಿಶ್ರವರ್ಣದ ಬಟ್ಟೆಯಿಂದ ಹೆಸರು ಮಾಡಿತು. ಸ್ಕಾಟ್ಲೆಂಡಿನ ಹ್ಯಾರಿಸ್ ಟ್ವೀಡ್ ಇಂದಿಗೂ ಈ ಕ್ರಮದಲ್ಲಿದೆ. ದೂರದಿಂದ ಕಂದಾಗಿ ಕಾಣುವ ಆ ಬಟ್ಟೆಯ ಒಂದು ಎಳೆಯನ್ನು ಬಿಡಿಸಿ ಬೆಳಕಿಗೆ ಹಿಡಿದರೆ ಹಸಿರು, ಹಳದಿ, ನೇರಳೆ, ಕಿತ್ತಳೆಯ ಕೂದಲುಗಳು ಬಿಡಿಬಿಡಿಯಾಗಿ ಕಾಣಬಹುದು. 1993ರ ಹ್ಯಾರಿಸ್ ಟ್ವೀಡ್ ಶಾಸನವು ಉಣ್ಣೆಗೆ ಬಣ್ಣ ಹಾಕುವುದೂ ನೂಲುವುದೂ ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲಿಯೇ ನಡೆಯಬೇಕೆಂದು ವಿಧಿಸುತ್ತದೆ. ನೇಯ್ಗೆಯಂತೂ ದ್ವೀಪವಾಸಿಗಳ ಮನೆಗಳಲ್ಲಿಯೇ, ಕೈಯಿಂದಲೇ ಆಗಬೇಕು.

ಇನ್ನು ರೂಪವಿಚಾರ. ‘ಇದು ಸಮಾಸವೇ ಅಲ್ಲ’ ಎಂಬುದು ವೈಯಾಕರಣನ ಆಕ್ಷೇಪ. ಸಮಾಸವಾದಲ್ಲಿ ಪೂರ್ವಪದದ ವಿಭಕ್ತಿ ಲೋಪವಾಗಬೇಕು. ಇಲ್ಲಿ ಸಪ್ತಮ್ಯರ್ಥದ ‘ಇನ್’ ಎಂಬ ಅವ್ಯಯವೂ ‘ದ’ ಎಂಬ ನಿರ್ದೇಶಕವೂ ಹಾಗೆಯೇ ಉಳಿದಿವೆ. ಆದ್ದರಿಂದ ಇದು ಗೆರೆಗಳಿಂದ ಹೊಲಿದ ವಾಕ್ಯಖಂಡ ಮಾತ್ರ ಎಂದು ಅವನ ವಾದ. ಈ ವಾದ ನಿಲ್ಲುವುದಿಲ್ಲ. ಪಾಣಿನಿಯು ಆರನೆಯ ಅಧ್ಯಾಯದ ಮೂರನೆಯ ಪಾದವನ್ನು ವಿಭಕ್ತಿಲೋಪವಿಲ್ಲದ ಸಮಾಸಗಳಿಂದಲೇ ಆರಂಭಿಸುತ್ತಾನೆ. ಯುಧಿಷ್ಠಿರ, ವನೇಚರ, ಸರಸಿಜ ಎಂಬಲ್ಲಿ ಸಪ್ತಮಿಯು ಕಣ್ಣಿಗೆ ಕಾಣುವಂತೆ ಉಳಿದಿದ್ದರೂ ಅವು ಸಮಾಸಗಳೇ. ಅವನ್ನು ಅಲುಕ್ ಸಮಾಸವೆನ್ನುತ್ತಾರೆ. ಐಕಪದ್ಯಕ್ಕೆ ಪ್ರಮಾಣ ವಿಭಕ್ತಿಲೋಪವಲ್ಲ, ಏಕಾರ್ಥೀಭಾವ. ಆಂಗ್ಲದಲ್ಲಿ ಈ ಪದವು ವಿಶೇಷ್ಯದ ಹಿಂದೆ ಬಂದಾಗ ಕಿರುಗೆರೆಗಳಿಂದ ಬಂಧಿತವಾಗುತ್ತದೆ, ನಡುವೆ ಇನ್ನೊಂದು ಪದವನ್ನು ಸಹಿಸುವುದಿಲ್ಲ. ‘ಬಿಳಿ ಉಣ್ಣೆಯಲ್ಲಿ’ ಎಂದೋ ‘ಚೆನ್ನಾಗಿ ಬಣ್ಣಗೊಂಡ’ ಎಂದೋ ಒಳಗೆ ವಿಶೇಷಣವನ್ನು ತುರುಕಿದರೆ ಸಮಾಸ ಒಡೆದು ಬರಿಯ ವಾಕ್ಯ ಉಳಿಯುತ್ತದೆ. ಭೇದವಿಷ್ಟೆ: ಸಂಸ್ಕೃತದಲ್ಲಿ ಸಪ್ತಮ್ಯಂತ ಮೊದಲು, ಕೃದಂತ ಕೊನೆಗೆ. ಆಂಗ್ಲದಲ್ಲಿ ಕ್ರಮ ತಿರುಗುಮುರುಗು.

‘ಸಮಾಸವಾಗಲಿ, ಬಹುವ್ರೀಹಿಯಾಗಲಿ, ಯಾವುದರ ಉಣ್ಣೆಯು ಬಣ್ಣಗೊಂಡಿದೆಯೋ ಅದು ಎಂದು ವಿಗ್ರಹ ಮಾಡೋಣ’ ಎಂದರೆ, ಬೇಡ. ಬಹುವ್ರೀಹಿ ಎಂಬ ಹೆಸರನ್ನೇ ಪಾಶ್ಚಾತ್ಯ ಭಾಷಾವಿದರು ಸಂಸ್ಕೃತದಿಂದ ಎತ್ತಿಕೊಂಡು ತಮ್ಮ ಸಮಾಸಗಳಿಗೂ ಇಟ್ಟಿರುವುದು ನಿಜ. ಆದರೆ ಅದು ಎಲ್ಲೆಡೆಗೂ ಸಲ್ಲದು. ಜೈಮಿನಿಯ ಆರನೆಯ ಅಧ್ಯಾಯದ ಮೊದಲ ಪಾದದಲ್ಲಿ ‘ನಿಷಾದಸ್ಥಪತಿ’ ಎಂಬ ಪದದ ವಿಚಾರ ಬರುತ್ತದೆ. ನಿಷಾದರ ಒಡೆಯನೋ, ನಿಷಾದನೇ ಆದ ಒಡೆಯನೋ ಎಂಬ ಸಂಶಯಕ್ಕೆ, ಲಕ್ಷಣೆಯ ಭಾರವಿಲ್ಲದ ಕರ್ಮಧಾರಯವನ್ನೇ ಅಲ್ಲಿ ಎತ್ತಿಹಿಡಿದಿದೆ. ಅದೇ ಲಾಘವನ್ಯಾಯ ಇಲ್ಲಿಯೂ ಪ್ರವರ್ತಿಸುತ್ತದೆ. ಬಣ್ಣಗೊಂಡದ್ದು ಬಟ್ಟೆಯೇ, ಉಣ್ಣೆಯಾಗಿದ್ದಾಗ ಬಣ್ಣಗೊಂಡಿತು. ಸ್ವಪದಾರ್ಥವೇ ಸಾಕಾಗುವಾಗ ಅನ್ಯಪದಾರ್ಥಕ್ಕೆ ಕೈಚಾಚುವುದು ಗೌರವದೋಷ. ಆದ್ದರಿಂದ ಇದು ಸಪ್ತಮೀ ತತ್ಪುರುಷ.

ಆ ಸಪ್ತಮಿಯ ಅರ್ಥವೇನು ಎಂಬುದರಲ್ಲಿ ಇಡೀ ವಿವಾದದ ಮರ್ಮವಿದೆ. ಉಣ್ಣೆಯು ಬಣ್ಣಕ್ಕೆ ಅಧಿಕರಣ, ಬಣ್ಣವು ಉಣ್ಣೆಯ ಒಳಗೆ ಇಳಿದಿದೆ, ಆದ್ದರಿಂದ ಆಳವೇ ಅರ್ಥ ಎಂಬುದು ದಾರ್ಢ್ಯವಾದಿಯ ವ್ಯಾಖ್ಯಾನ. ಬಣ್ಣಗಾರರ ಪರಿಭಾಷೆ ಇದನ್ನು ಒಪ್ಪುವುದಿಲ್ಲ. ಅವರು ಉಣ್ಣೆಯಲ್ಲಿ, ನೂಲಿನಲ್ಲಿ, ಥಾನಿನಲ್ಲಿ ಎಂದು ಮೂರನ್ನೂ ಒಂದೇ ಅವ್ಯಯದಿಂದ ಹೇಳುತ್ತಾರೆ. ಆಳವೇ ಅರ್ಥವಾಗಿದ್ದರೆ ಥಾನಿನಲ್ಲಿ ಬಣ್ಣಗೊಂಡದ್ದೂ ಆಳವಾದದ್ದೆಂದು ಹೇಳಬೇಕಾಗುತ್ತಿತ್ತು. ಮೂರಕ್ಕೂ ಸಮಾನವಾಗಿ ಹೊಂದುವ ಅರ್ಥ ‘ಆ ಅವಸ್ಥೆಯಲ್ಲಿದ್ದಾಗ’ ಎಂಬುದೊಂದೇ. ಕನ್ನಡದಲ್ಲಿ ‘ಮೊಳಕೆಯಲ್ಲೇ ಚಿವುಟುವುದು’ ಎಂದಾಗ ಮೊಳಕೆಯ ಒಳಗೆ ಚಿವುಟುವುದೆಂದು ಯಾರೂ ತಿಳಿಯುವುದಿಲ್ಲ. ಮೊಳಕೆಯಾಗಿರುವಾಗಲೇ ಎಂದೇ ತಿಳಿಯುತ್ತಾರೆ. ಇದು ದೇಶವಾಚಿ ಸಪ್ತಮಿಯಲ್ಲ, ಅವಸ್ಥಾವಾಚಿ ಸಪ್ತಮಿ.

ಇಷ್ಟಕ್ಕೆ ರೂಢಿವಾದಿ ಸುಮ್ಮನಾಗುವುದಿಲ್ಲ. ‘ಯೋಗಕ್ಕಿಂತ ರೂಢಿ ಬಲಿಷ್ಠ. ನೀವು ಹೇಳಿದ ಅದೇ ಪಾದದಲ್ಲಿಯೇ ರಥಕಾರಾಧಿಕರಣವಿದೆ. ರಥಕಾರನೆಂದರೆ ರಥ ಮಾಡುವವನೆಂಬ ಯೌಗಿಕಾರ್ಥವನ್ನು ಬದಿಗಿಟ್ಟು ಒಂದು ಜಾತಿವಿಶೇಷವೆಂಬ ರೂಢಾರ್ಥವನ್ನೇ ಅಲ್ಲಿ ಗ್ರಹಿಸಿದೆ. ಈಗಿನ ಆಂಗ್ಲರಲ್ಲಿ ಬಹುಪಾಲು ಜನ ಬಣ್ಣದ ಕಡಾಯಿಯನ್ನು ಕಂಡವರಲ್ಲ. ಅವರಿಗೆ ಈ ಪದ ಬದಲಾಗದವನೆಂಬ ಅರ್ಥವನ್ನು ನೇರವಾಗಿ ಕೊಡುತ್ತದೆ. ಉಣ್ಣೆಯ ಪುರಾಣವೇತಕ್ಕೆ?’ ಎಂದು ಅವನ ಆಕ್ಷೇಪ.

ಸಮಾಧಾನ: ರೂಢಿಯು ಯೋಗವನ್ನು ಬಾಧಿಸುವುದು ಎರಡಕ್ಕೂ ವಿರೋಧವಿದ್ದಲ್ಲಿ. ಪಂಕಜಶಬ್ದದಲ್ಲಿ ಕೆಸರಿನಲ್ಲಿ ಹುಟ್ಟಿದುದೆಂಬ ಯೋಗವೂ ತಾವರೆಯೆಂಬ ರೂಢಿಯೂ ಕೂಡಿಯೇ ನಡೆಯುತ್ತವೆ, ಅದನ್ನು ಯೋಗರೂಢವೆನ್ನುತ್ತಾರೆ. ಪ್ರಕೃತ ಪದವೂ ಆ ವರ್ಗದ್ದೇ. ಬಟ್ಟೆಯಿಂದ ಮನುಷ್ಯನಿಗೆ ಬಂದಾಗ ಅದು ಗೌಣೀ ವೃತ್ತಿಯನ್ನು ಆಶ್ರಯಿಸಿತು, ಅಂದರೆ ಗುಣಸಾದೃಶ್ಯದಿಂದ ಬಂತು. ಸಾದೃಶ್ಯದ ನಿಮಿತ್ತವಾದ ಗುಣ ಯಾವುದೆಂಬುದನ್ನು ಪದದ ಚರಿತ್ರೆಯೇ ನಿರ್ಣಯಿಸುತ್ತದೆ, ಮಾತಾಡುವವನ ಅಜ್ಞಾನವಲ್ಲ.

ಆ ಚರಿತ್ರೆಯಲ್ಲಿ ಮೊದಲು ಎಣಿಸಬೇಕಾದದ್ದು ರಿಚರ್ಡ್ ಹೂಕರ್ ಎಂಬ ಆಂಗ್ಲ ಧರ್ಮಶಾಸ್ತ್ರಜ್ಞನ ಪ್ರಯೋಗ. ಚರ್ಚಿನ ವ್ಯವಸ್ಥೆಯನ್ನು ಕುರಿತ ಅವನ ಮಹಾಪ್ರಬಂಧದ ಐದನೆಯ ಭಾಗ 1597ರಲ್ಲಿ ಪ್ರಕಟವಾಯಿತು. ಶೈಶವವೆಂಬ ಉಣ್ಣೆಯ ಅವಸ್ಥೆಯಲ್ಲಿಯೇ ಕಷ್ಟಸಹಿಷ್ಣುತೆಯ ಬಣ್ಣ ಹಿಡಿದ ಮಕ್ಕಳು ಮುಂದೆ ಬಣ್ಣ ಬದಲಿಸದೆ ಇರಬಹುದೆಂಬುದು ಅಲ್ಲಿಯ ಭಾವ. ಇದರಲ್ಲಿ ಗಮನಿಸತಕ್ಕದ್ದು ಎರಡು. ಹೂಕರನಲ್ಲಿ ಸಮಸ್ತಪದವಿಲ್ಲ, ಉಣ್ಣೆ, ಬಣ್ಣ, ಶೈಶವಗಳು ಬಿಡಿಬಿಡಿಯಾಗಿ ನಿಂತ ರೂಪಕವಿದೆ. ವಿಗ್ರಹವಾಕ್ಯ ಮೊದಲು, ಸಮಾಸ ಆಮೇಲೆ ಎಂಬ ಶಾಸ್ತ್ರಪ್ರಕ್ರಿಯೆಯು ಇಲ್ಲಿ ಇತಿಹಾಸದಲ್ಲಿಯೇ ನಡೆದಂತಿದೆ. ಎರಡನೆಯದಾಗಿ, ಅವನು ಉಣ್ಣೆಗೆ ಸಮೀಕರಿಸಿದ್ದು ಶೈಶವವನ್ನು. ಆಳವನ್ನೂ ಅಲ್ಲ, ಹಟವನ್ನೂ ಅಲ್ಲ. ಬದಲಾಗದಿರುವುದನ್ನು ಅವನು ಫಲವಾಗಿ ಹೇಳಿದ್ದಾನೆ.

ಅವನ ಕಾಲದ ವಾಚಕರಿಗೆ ಇದು ಟಿಪ್ಪಣಿಯಿಲ್ಲದೆ ತಿಳಿಯುತ್ತಿತ್ತು, ಏಕೆಂದರೆ ಆ ದೇಶದ ಸಂಪತ್ತೇ ಉಣ್ಣೆಬಟ್ಟೆ. ಸಫೊಕ್ ಸೀಮೆಯ ನೀಲಿ ಬಟ್ಟೆಗೆ ಉಣ್ಣೆಯ ಹಂತದಲ್ಲಿಯೇ ಬಣ್ಣ ಕೊಡುತ್ತಿದ್ದರು. ಪಶ್ಚಿಮ ಸೀಮೆಗಳಲ್ಲಿ ನೆಯ್ದ ಬಟ್ಟೆ ಬಹುವಾಗಿ ಬಿಳಿಯಾಗಿಯೇ ಹಡಗು ಏರುತ್ತಿತ್ತು; ಅದಕ್ಕೆ ಬಣ್ಣ ಹಾಕುವ ಲಾಭ ಸಮುದ್ರದಾಚೆಯ ನೆದರ್‌ಲ್ಯಾಂಡ್ಸಿನ ಬಣ್ಣಗಾರರಿಗೆ. ಈ ಲಾಭವನ್ನು ಸ್ವದೇಶದಲ್ಲಿ ಉಳಿಸಿಕೊಳ್ಳುವ ಆಸೆಯಿಂದ ಲಂಡನ್ನಿನ ವರ್ತಕ ವಿಲಿಯಂ ಕಾಕೇನ್ ಎಂಬವನು ಹೂಡಿದ ಯೋಜನೆಗೆ ಒಂದನೆಯ ಜೇಮ್ಸ್ ದೊರೆ ಒಪ್ಪಿ, 1614ರಲ್ಲಿ ಬಿಳಿ ಬಟ್ಟೆಯ ರಫ್ತನ್ನು ನಿಷೇಧಿಸಿದ. ಡಚ್ಚರು ಇಂಗ್ಲೆಂಡಿನಲ್ಲಿ ಬಣ್ಣ ಹಾಕಿದ ಬಟ್ಟೆಯನ್ನು ಕೊಳ್ಳಲೊಲ್ಲೆವೆಂದರು. ನೇಕಾರರು ಕೆಲಸವಿಲ್ಲದೆ ಕುಳಿತರು. 1617ರ ವೇಳೆಗೆ ಯೋಜನೆಯನ್ನು ಕೈಬಿಡಬೇಕಾಯಿತು. ಈ ವೃತ್ತಾಂತಕ್ಕೂ ಪದಾರ್ಥಕ್ಕೂ ಸಂಗತಿಯೇನೆಂದರೆ, ಬಿಳಿ ಥಾನಿನ ಬಣ್ಣವನ್ನು ಕೊಳ್ಳುವವನು ಕೊನೆಗೆ ನಿಶ್ಚಯಿಸಬಹುದು. ಉಣ್ಣೆಯಲ್ಲಿ ಬಣ್ಣಗೊಂಡದ್ದಕ್ಕೆ ಆ ಅವಕಾಶವಿಲ್ಲ. ಬಟ್ಟೆಯೆಂಬುದು ಇನ್ನೂ ಇಲ್ಲದಿದ್ದಾಗಲೇ ಅದರ ಬಣ್ಣ ನಿಶ್ಚಿತ. ಮನುಷ್ಯನಲ್ಲಿಯೂ ಈ ವಿಶೇಷಣವು ಸೂಚಿಸುವುದು ಅವನ ಒಪ್ಪಿಗೆ ಕೇಳುವ ಮೊದಲೇ ಹಿಡಿದ ಬಣ್ಣವನ್ನು. ಹೊಗಳಿಕೆಯಾಗಿ ಬಳಸುವವರು ಇದನ್ನು ಗಮನಿಸಿದರೆ ತುಸು ಹಿಂಜರಿದಾರು.

ಇಲ್ಲಿ ಶಿಲ್ಪಜ್ಞನೊಬ್ಬನ ಪೂರ್ವಪಕ್ಷವುಂಟು. ಉಳಿದವುಗಳಿಗಿಂತ ಇದು ಗಂಭೀರ. ‘ಬಣ್ಣದ ದಾರ್ಢ್ಯಕ್ಕೆ ಕಾರಣ ಬಣ್ಣದ ದ್ರವ್ಯ ಮತ್ತು ಪಟಿಕ ಮೊದಲಾದ ಬಂಧಕ. ಅದೇ ಮಂಜಿಷ್ಠ, ಅದೇ ಪಟಿಕ ಇದ್ದರೆ ಥಾನಿನಲ್ಲಿ ಹಾಕಿದ ಬಣ್ಣವೂ ಅಷ್ಟೇ ಪಕ್ಕಾ. ಅವಸ್ಥೆಯು ಅನ್ಯಥಾಸಿದ್ಧ. ಆದ್ದರಿಂದ ಅವಸ್ಥೆಯಿಂದ ದಾರ್ಢ್ಯವೆಂಬ ಕಾರ್ಯಕಾರಣಭಾವವೇ ಸುಳ್ಳು. ಸುಳ್ಳಿನ ಮೇಲೆ ನಿಂತ ಉಪಮಾನವೂ ಸುಳ್ಳು.’

ಅರ್ಧವನ್ನು ಒಪ್ಪಬೇಕು. ದ್ರವ್ಯವೇ ಸಾಕ್ಷಾತ್ ಕಾರಣ. 1581ರಲ್ಲಿ ಎಲಿಜಬೆತ್ ರಾಣಿಯ ಪಾರ್ಲಿಮೆಂಟು ಲಾಗ್‌ವುಡ್ ಎಂಬ ಮರದ ಬಣ್ಣವನ್ನು ಬೇಗ ಮಾಸುವ ಮೋಸದ ಬಣ್ಣವೆಂದು ನಿಷೇಧಿಸಿತ್ತು. 1662ರಲ್ಲಿ ಮಾತ್ರ ಆ ನಿಷೇಧ ತೆರವಾಯಿತು. ಉಣ್ಣೆಯಲ್ಲಿ ಹಾಕಿದ್ದರೂ ಅಂಥ ಬಣ್ಣ ಕಳ್ಳಬಣ್ಣವೇ. ಆದರೆ ಅವಸ್ಥೆಯು ಅನ್ಯಥಾಸಿದ್ಧವೆಂಬ ಮಾತನ್ನು ಒಪ್ಪಲಾಗದು. ಉಣ್ಣೆಗೆ ಹಾಕಿದ ಬಣ್ಣವು ಮುಂದಿನ ಸಂಸ್ಕಾರಗಳನ್ನೆಲ್ಲ ತಡೆದುಕೊಳ್ಳಬೇಕು: ಎಣ್ಣೆ ಸವರಿ ಹಿಂಜುವುದು, ನೂಲುವುದು, ನೆಯ್ಯುವುದು, ಬಳಿಕ ಬಟ್ಟೆಯನ್ನು ಜೇಡಿಯಲ್ಲೋ ಸಾಬೂನಿನಲ್ಲೋ ನೆನೆಸಿ, ನೀರಿನ ಚಕ್ರದಿಂದ ಎದ್ದು ಬೀಳುವ ದೊಡ್ಡ ಕೊಡತಿಗಳ ಕೆಳಗೆ ಗಂಟೆಗಟ್ಟಲೆ ಕುಟ್ಟಿ, ಎಳೆ ಕಾಣದಷ್ಟು ಒತ್ತಾಗಿಸುವುದು. ಇದನ್ನು ತಾಳದ ಬಣ್ಣವನ್ನು ಉಣ್ಣೆಗೆ ಹಾಕಿದರೆ ಹಣ ನೀರಿನಲ್ಲಿ ಹೋದಂತೆ. ಕೀಟಜನ್ಯವಾದ ಉಜ್ಜ್ವಲ ಕೆಂಪು ಕ್ಷಾರಕ್ಕೆ ಸೋಲುತ್ತದೆ. ಸ್ಟ್ರೌಡ್ ಸೀಮೆಯ ಪ್ರಸಿದ್ಧ ಕೆಂಪು ಬಟ್ಟೆಗೆ ಕುಟ್ಟಿ ಮುಗಿದ ಮೇಲೆ, ಥಾನಿನಲ್ಲಿಯೇ ಬಣ್ಣ ಹಾಕುತ್ತಿದ್ದುದು ಈ ಕಾರಣಕ್ಕಾಗಿ. ಹಾಗೆ ಥಾನಿನಲ್ಲಿ ಹಾಕಿದ ಬಣ್ಣ ದಪ್ಪ ಬಟ್ಟೆಯ ಗರ್ಭದವರೆಗೆ ಇಳಿಯದೆ, ಕತ್ತರಿ ಹಾಕಿದ ಅಂಚಿನಲ್ಲಿ ಬಿಳಿಯ ಗೆರೆ ಇಣುಕುವುದುಂಟು. ಆದ್ದರಿಂದ ಅವಸ್ಥೆಯು ದಾರ್ಢ್ಯಕ್ಕೆ ಉತ್ಪಾದಕವಲ್ಲದಿದ್ದರೂ ಪರೀಕ್ಷಕವಾಗಿದೆ. ಆ ದಾರಿಯನ್ನೆಲ್ಲ ದಾಟಿ ಉಳಿದ ಬಣ್ಣ ದೃಢವೆಂದು ಅನುಮಾನಿಸುವುದು ಯುಕ್ತವೇ.

ಭಾರತೀಯ ಶಾಸ್ತ್ರಕ್ಕೆ ಈ ಉಪಮಾನಕ್ಷೇತ್ರ ಅಪರಿಚಿತವಲ್ಲ. ‘ರಂಜ್’ ಧಾತುವಿನಿಂದ ಬಂದ ರಾಗಶಬ್ದಕ್ಕೆ ಬಣ್ಣವೂ ಅರ್ಥ, ಆಸಕ್ತಿಯೂ ಅರ್ಥ. ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಪೂರ್ವರಾಗವನ್ನು ಬಣ್ಣಗಾರನ ಕಣ್ಣಿನಿಂದಲೇ ಮೂರಾಗಿ ವಿಭಜಿಸುತ್ತಾನೆ. ಹೆಚ್ಚು ಶೋಭಿಸದೆಯೂ ಬಿಟ್ಟುಹೋಗದ್ದು ನೀಲೀರಾಗ. ಶೋಭಿಸಿಯೂ ಬಿಟ್ಟುಹೋಗುವುದು ಕುಸುಂಭರಾಗ. ಶೋಭಿಸುವುದೂ ಬಿಡದಿರುವುದೂ ಮಂಜಿಷ್ಠಾರಾಗ. ವಿಭಾಗ ಬಹಳ ಸೊಗಸಾದುದು, ಆದರೆ ಅದು ದ್ರವ್ಯಮೂಲಕ. ಯಾವ ಬಣ್ಣದಲ್ಲಿ ಅದ್ದಿದೆ ಎಂಬುದನ್ನು ಅದು ಕೇಳುತ್ತದೆ, ಯಾವಾಗ ಅದ್ದಿದೆ ಎಂಬುದನ್ನಲ್ಲ. ಆಂಗ್ಲ ವಿಶೇಷಣದ ವೈಲಕ್ಷಣ್ಯ ಆ ‘ಯಾವಾಗ’ ಎಂಬುದರಲ್ಲಿದೆ.

ಆಂಗ್ಲದಲ್ಲಿಯೇ ಬಣ್ಣದ ಕಡಾಯಿಯಿಂದೆದ್ದ ಸೋದರಪದಗಳೊಡನೆ ಹೋಲಿಸಿದರೆ ಇದು ಸ್ಫುಟವಾಗುತ್ತದೆ. ‘ಇನ್‌ಗ್ರೇನ್ಡ್’ ಎಂಬುದು ದ್ರವ್ಯಮೂಲಕ: ಒಣಗಿದಾಗ ಕಾಳಿನಂತೆ ಕಾಣುವ ಕೆರ್ಮಿಸ್ ಕೀಟದ ಬೆಲೆಬಾಳುವ ಕೆಂಪಿಗೆ ಕಾಳೆಂಬ ಹೆಸರು ಬಿದ್ದು, ಆ ಕಾಳಿನಲ್ಲಿ ಬಣ್ಣಗೊಂಡದ್ದು ಎಂಬುದರಿಂದ ಅದು ಹುಟ್ಟಿತು. ‘ಡಬಲ್-ಡೈಡ್’ ಆವೃತ್ತಿಮೂಲಕ; ಎರಡು ಸಲ ಅದ್ದಿದ್ದು ಎಂದರ್ಥ, ಖಳರಿಗೆ ಮೀಸಲು. ‘ಟ್ರೂ-ಬ್ಲೂ’ ಫಲಮೂಲಕ, ಮಾಸದ ನೀಲಿಯ ಕೀರ್ತಿ ಅದರ ಬೆನ್ನಿಗಿದೆ. ಅವಸ್ಥಾಮೂಲಕವಾದದ್ದು ಪ್ರಕೃತ ಪದವೊಂದೇ. ಅಮೆರಿಕದ ದಕ್ಷಿಣ ರಾಜ್ಯಗಳ ‘ಯೆಲ್ಲೊ-ಡಾಗ್’ ಎಂಬ ವಿಶೇಷಣ ಬಣ್ಣದ ಹೆಸರನ್ನು ಹೊತ್ತಿದ್ದರೂ ಈ ಕುಲದ್ದಲ್ಲ. ಪಕ್ಷವು ಹಳದಿ ನಾಯಿಯನ್ನು ಅಭ್ಯರ್ಥಿಯಾಗಿ ನಿಲ್ಲಿಸಿದರೂ ಅದಕ್ಕೇ ಮತ ಹಾಕುವ ಡೆಮಾಕ್ರಟನನ್ನು ಅದು ಹೇಳುತ್ತದೆ, ಆ ನಿಷ್ಠೆ ಅವನಿಗೆ ಎಂದು ಬಂತೆಂಬುದರಲ್ಲಿ ಅದಕ್ಕೆ ಆಸಕ್ತಿಯಿಲ್ಲ. ಕನ್ನಡ ಪತ್ರಿಕೆಗಳ ‘ಕಟ್ಟಾ’ ಎಂಬುದೂ ಹೆಚ್ಚುಕಡಿಮೆ ಅಲ್ಲಿಯೇ ನಿಲ್ಲುತ್ತದೆ.

ಕೊನೆಯದು ಪ್ರಯೋಗವಾದಿಯ ಆಕ್ಷೇಪ. ‘ಈಗ ನಡುವಯಸ್ಸಿನಲ್ಲಿ ಪಕ್ಷ ಸೇರಿದವನನ್ನೂ ಹೀಗೆ ಕರೆಯುತ್ತಾರೆ. ಲಕ್ಷ್ಯಾನುಸಾರಿಯಾಗಿ ಲಕ್ಷಣವಿರಬೇಕು; ನಿಮ್ಮ ಲಕ್ಷಣಕ್ಕೆ ಅವ್ಯಾಪ್ತಿದೋಷ ಬಂತು’ ಎಂದು. ಇದಕ್ಕೆ 1830ರ ಒಂದು ಪ್ರಯೋಗವೇ ಉತ್ತರ. ಅಮೆರಿಕದ ಸೆನೆಟರ್ ಡೇನಿಯಲ್ ವೆಬ್‌ಸ್ಟರ್ ತನ್ನ ಎದುರಾಳಿಗಳ ಕಡೆಗೆ ಹಾರುವವರನ್ನು ಕುಟುಕುತ್ತ, ಅಂಥವನು ಅರ್ಧ ಗಂಟೆಯಲ್ಲಿ ಮೂಲ ಡೆಮಾಕ್ರಟನಾಗಿ, ಉಣ್ಣೆಯಲ್ಲೇ ಬಣ್ಣಗೊಂಡವನಾಗಿ ಹೊರಬರಬಲ್ಲ ಎಂಬರ್ಥದ ಮಾತಾಡಿದ. ಆ ವ್ಯಂಗ್ಯಕ್ಕೆ ಜೀವ ಬಂದದ್ದು ಅರ್ಧ ಗಂಟೆಗೂ ಉಣ್ಣೆಗೂ ಇರುವ ವಿರೋಧದಿಂದ. ದಾರ್ಢ್ಯವಷ್ಟೇ ಅರ್ಥವಾಗಿದ್ದರೆ ಅಲ್ಲಿ ನಗುವುದಕ್ಕೆ ಏನೂ ಇರಲಿಲ್ಲ, ಏಕೆಂದರೆ ಹೊಸದಾಗಿ ಸೇರಿದವನೇ ಎಲ್ಲರಿಗಿಂತ ಬಿಗಿಯಾಗಿರುವುದು ಲೋಕಸಿದ್ಧ. ಇಂದಿನ ಸಡಿಲ ಪ್ರಯೋಗವು ಅವಸ್ಥೆಯನ್ನು ಬಿಟ್ಟು ಫಲವನ್ನು ಮಾತ್ರ ಹಿಡಿದ ಲಕ್ಷಣೆ. ಲಕ್ಷಣೆಯ ವಿಷಯವನ್ನು ಮುಖ್ಯಾರ್ಥದ ಲಕ್ಷಣವು ವ್ಯಾಪಿಸದಿರುವುದು ದೋಷವಲ್ಲ.

ಸಂಸ್ಥೆಗಳಿಗೂ ಈ ವಿಶೇಷಣ ಸಲ್ಲಬಹುದು, ಸ್ಥಾಪನೆಯ ಕಾಲವೇ ಅವಕ್ಕೆ ಉಣ್ಣೆಯ ಅವಸ್ಥೆಯಾದ್ದರಿಂದ. ಪಕ್ಷದವರೇ ಹುಟ್ಟುಹಾಕಿದ ಪತ್ರಿಕೆಗೆ ಸಲ್ಲುತ್ತದೆ, ಪಕ್ಷದವರು ಆಮೇಲೆ ಕೊಂಡ ಪತ್ರಿಕೆಗೆ ಸಲ್ಲದು. ಇನ್ನು ಪಕ್ಷದ ಮನೆಯಲ್ಲಿಯೇ ಬೆಳೆದವನೊಬ್ಬ ಐವತ್ತರಲ್ಲಿ ಪಕ್ಷ ಬಿಟ್ಟರೆ? ಆಹಿತತ್ವಾಂಶ ಅವನಲ್ಲಿ ಇದೆ, ಅನುವೃತ್ತಿಯ ಅಂಶ ಕಳಚಿತು. ಅಂದಿನಿಂದ ವಿಶೇಷಣ ಅವನಿಗೆ ಪ್ರಾಪ್ತವಲ್ಲ. ಹಿಂದಿನ ನಲವತ್ತೊಂಬತ್ತು ವರ್ಷಗಳ ಪ್ರಯೋಗವೂ ಸುಳ್ಳಾಯಿತೇ ಎಂದರೆ, ಇಲ್ಲ. ಲಕ್ಷಣದಲ್ಲಿನ ಅನುವೃತ್ತಿಯನ್ನು ಪ್ರಯೋಗಕಾಲಪರ್ಯಂತವೆಂದೇ ಗ್ರಹಿಸಬೇಕು, ಮರಣಪರ್ಯಂತವೆಂದಲ್ಲ. ಮರಣಪರ್ಯಂತವೆಂದು ಗ್ರಹಿಸಿದ್ದರೆ ಬದುಕಿರುವ ಯಾರಿಗೂ ಈ ಪದವನ್ನು ಬಳಸಲಾಗುತ್ತಿರಲಿಲ್ಲ.